ಓದುಗರ ಪ್ರಶ್ನೆ, ನಮ್ಮ ಉತ್ತರ: ಊರಿನ ಜೀವಿಗಳನ್ನು ದಾಖಲಿಸುವವರಿಗೆ

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಕಪ್ಪೆ, ಹಕ್ಕಿ, ಚಿಟ್ಟೆ, ಹಾವುಗಳನ್ನು ಕುರಿತವೇ ಹೆಚ್ಚು. ಕೆಲವರು ಚಿತ್ರ ಕಳುಹಿಸಿ ಹೆಸರು ಕೇಳಿದ್ದಾರೆ. ಅವರಿಗೆ ಪ್ರತ್ಯೇಕವಾಗಿ ಬರೆದಿದ್ದೇವೆ. ಕಂಡದ್ದನ್ನು ದಾಖಲಿಸುವ ಕ್ರಮ, ಅಪರೂಪದ ಪ್ರಭೇದ ಎದುರಾದಾಗ ಮಾಡಬೇಕಾದ್ದು, ಮಾಡಬಾರದ್ದು, ಇವನ್ನು ಕುರಿತ ಪ್ರಶ್ನೆಗಳನ್ನು ಮಾತ್ರ ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಕೆಳಗಿನ ಹಳ್ಳದಲ್ಲಿ ಮಳೆ ಶುರುವಾದಾಗಿನಿಂದ ಒಂದು ಸಣ್ಣ ಕಂದು ಕಪ್ಪೆ ರಾತ್ರಿ ಹೊತ್ತು ಕೂಗುತ್ತಿದೆ. ನನ್ನ ಬಳಿ ಇರುವ ಪುಸ್ತಕದ ಯಾವ ಚಿತ್ರಕ್ಕೂ ಅದು ಹೊಂದುತ್ತಿಲ್ಲ. ಇದು ಹೊಸ ಪ್ರಭೇದವಾಗಿರಬಹುದೇ? ಹಾಗಿದ್ದರೆ ಯಾರಿಗೆ ತಿಳಿಸಬೇಕು?
— ಸಿದ್ದಾಪುರ ತಾಲ್ಲೂಕಿನ ಕೃಷಿಕರೊಬ್ಬರು

ಉತ್ತರ: ಆಗಿರಬಹುದು, ಆದರೆ ಪುಸ್ತಕದ ಚಿತ್ರಕ್ಕೆ ಹೊಂದದಿರುವುದಷ್ಟೇ ಅದಕ್ಕೆ ಸಾಕ್ಷಿಯಾಗದು. ಕಪ್ಪೆಯ ಬಣ್ಣ ಅದರ ವಯಸ್ಸು, ಲಿಂಗ, ಮೈಯ ತೇವ ಮತ್ತು ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಒಂದೇ ಹಳ್ಳದ ಒಂದೇ ಪ್ರಭೇದದಲ್ಲಿ ಬೆನ್ನಿನ ಮೇಲೆ ಪಟ್ಟೆ ಇರುವವೂ ಇಲ್ಲದವೂ ಸಿಗುತ್ತವೆ. ಇನ್ನೊಂದೆಡೆ, ನೋಟಕ್ಕೆ ಒಂದೇ ಎನ್ನಿಸುವ ಎರಡು ಕಪ್ಪೆಗಳು ಬೇರೆ ಬೇರೆ ಪ್ರಭೇದಗಳೆಂದು ತಿಳಿದುಬಂದಿರುವುದೂ ಉಂಟು.

ಇದಕ್ಕೆ ನಿಮ್ಮ ಸೀಮೆಯಲ್ಲೇ ಒಳ್ಳೆಯ ನಿದರ್ಶನವಿದೆ. 2011ರಲ್ಲಿ ಜೋಗದ ಹೆಸರಿನಿಂದಲೇ ಒಂದು ಇರುಳುಗಪ್ಪೆಯನ್ನು ವಿಜ್ಞಾನಿಗಳು ವಿವರಿಸಿದರು. ಅದನ್ನು ಬಹುಮಟ್ಟಿಗೆ ಹೋಲುವ ಇನ್ನೊಂದು ಕಪ್ಪೆ ಕತ್ತಲೆಕಾನು ಎಂಬ ಕಾಡಿನ ಹಳ್ಳಗಳಲ್ಲಿದ್ದು, ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದಕ್ಕೆ 2014ರಲ್ಲಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಳ್ಳದ ತಳದಿಂದ ಕೆಸರನ್ನು ಮುಂಗಾಲುಗಳಲ್ಲಿ ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಹೆಸರು ಬಂದದ್ದು ಈ ಕೆಲಸದಿಂದ. ರಾತ್ರಿ ಹಳ್ಳದ ಬದಿಯಲ್ಲಿ ಕಾದು ಕುಳಿತು ನಡವಳಿಕೆಯನ್ನು ನೋಡಿರದಿದ್ದರೆ, ಕೂಗನ್ನು ಧ್ವನಿಮುದ್ರಿಸಿ ಹೋಲಿಸಿರದಿದ್ದರೆ ಈ ಕಪ್ಪೆ ಇನ್ನೂ ಎಷ್ಟು ಕಾಲ ಬೇರೊಂದರ ಹೆಸರಿನಲ್ಲಿ ಉಳಿಯುತ್ತಿತ್ತೋ ಹೇಳಲಾಗದು. ಹೊಸ ಪ್ರಭೇದವೆಂದು ಸಾಧಿಸಲು ದೇಹದ ಅಳತೆ, ಕೂಗು, ಡಿಎನ್‌ಎ, ಸಂತಾನೋತ್ಪತ್ತಿಯ ಕ್ರಮ ಇವುಗಳಲ್ಲಿ ಸಾಧ್ಯವಾದಷ್ಟನ್ನು ಒಟ್ಟಿಗೆ ನೋಡಬೇಕು. ಈಗಾಗಲೇ ಹೆಸರು ಪಡೆದ ಹತ್ತಿರದ ಎಲ್ಲ ಪ್ರಭೇದಗಳಿಗಿಂತ ಅದು ಹೇಗೆ ಭಿನ್ನವೆಂದು ತೋರಿಸಬೇಕು. ಆ ಹೆಸರು ಯಾವ ಪ್ರಾಣಿಗೆ ಸಲ್ಲುತ್ತದೆಂದು ತೋರಿಸುವ ಮಾದರಿ ದೇಹವೊಂದನ್ನು ಗುರುತಿಸಿ, ಮುಂದೆ ಯಾರು ಬೇಕಾದರೂ ಪರೀಕ್ಷಿಸುವಂತೆ ಸಂಗ್ರಹಾಲಯದಲ್ಲಿ ಇಡಬೇಕು. ವಿವರಣೆಯನ್ನು ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಬೇಕು.

ಸಂಗ್ರಹಾಲಯದ ಮಾತು ಔಪಚಾರಿಕತೆಯೆಂದು ತೋರಬಹುದು. ಹಾಗಲ್ಲ ಎಂಬುದಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್ ಅವರ ಕಪ್ಪೆಗಳ ಕಥೆಯೇ ಸಾಕ್ಷಿ. ಅವರು 1920 ಮತ್ತು 1937ರಲ್ಲಿ ಕೊಡಗು, ಕೆಂಪುಹೊಳೆ ಮುಂತಾದ ಕಡೆಗಳ ಹಲವು ಕಪ್ಪೆಗಳನ್ನು ವಿವರಿಸಿದರು. ಆದರೆ ಅವರು ಇಟ್ಟಿದ್ದ ಮಾದರಿಗಳು ಮುಂದೆ ಕಳೆದುಹೋದವು. ಅವರ ವಿವರಣೆ ಯಾವ ಕಪ್ಪೆಗೆ ಸಲ್ಲುತ್ತದೆ ಎಂದು ತೀರ್ಮಾನಿಸಲು ಮುಂದಿನ ತಲೆಮಾರಿನವರು ಅದೇ ಸ್ಥಳಗಳಿಗೆ ಮತ್ತೆ ಹೋಗಿ ಹುಡುಕಬೇಕಾಯಿತು. ಅವರು 1920ರಲ್ಲಿ ಹೆಸರಿಸಿದ್ದ ಕೊಡಗಿನ ಇರುಳುಗಪ್ಪೆಯೊಂದು 91 ವರ್ಷಗಳ ಬಳಿಕ, 2011ರಲ್ಲಿ, ಮತ್ತೆ ಕಂಡುಬಂದುದಾಗಿ ವರದಿಯಾಯಿತು. ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟದ್ದು ಇವರ ಗೌರವಾರ್ಥವಾಗಿ.

ಇನ್ನು ನೀವು ಮಾಡಬೇಕಾದ್ದು. ಕಪ್ಪೆಯನ್ನು ಹಿಡಿದು ಶೀಶೆಯಲ್ಲಿ ಹಾಕಬೇಡಿ. ಕೂತಲ್ಲೇ ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಚಿತ್ರ ತೆಗೆಯಿರಿ. ಹಿಂಗಾಲಿನ ಬೆರಳುಗಳ ನಡುವಿನ ಪೊರೆ, ಬೆರಳ ತುದಿಯ ಆಕಾರ, ಕಿವಿಯ ತಮಟೆ, ಕಣ್ಣಿನ ಪಾಪೆ ಕಾಣುವಂತಿದ್ದರೆ ಒಳ್ಳೆಯದು. ಕೂಗನ್ನು ಮೊಬೈಲಿನಲ್ಲೇ ಮುದ್ರಿಸಬಹುದು. ಕೊನೆಗೆ ನಿಮ್ಮ ದನಿಯಲ್ಲೇ ದಿನಾಂಕ, ಹೊತ್ತು, ಜಾಗ, ಗಾಳಿಯ ಉಷ್ಣತೆಯನ್ನು ಹೇಳಿ ಸೇರಿಸಿ. ಕಪ್ಪೆ ಶೀತರಕ್ತದ ಪ್ರಾಣಿಯಾದ್ದರಿಂದ ಕೂಗಿನ ಲಯ ಉಷ್ಣತೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಉಷ್ಣತೆ ತಿಳಿಯದ ಧ್ವನಿಮುದ್ರಿಕೆಯನ್ನು ಇನ್ನೊಂದರೊಡನೆ ಹೋಲಿಸುವುದು ಕಷ್ಟ. ಮೊಟ್ಟೆ ಎಲ್ಲಿದೆ, ಎಲೆಯ ಮೇಲೋ ಕಲ್ಲಿನ ಮೇಲೋ ನೀರಿನಲ್ಲೋ, ಯಾವ ವಾರ ಕಂಡಿತು, ಗೊದಮೊಟ್ಟೆ ಯಾವಾಗ ಬಂತು ಎಂಬುದನ್ನು ಬರೆದಿಡಿ. ಇಷ್ಟನ್ನು ಜೋಡಿಸಿಕೊಂಡು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಕೋಯಿಕ್ಕೋಡ್ ಕೇಂದ್ರಕ್ಕೋ, ಪರಿಸರ ಸಂಶೋಧನೆ ನಡೆಸುವ ಬೆಂಗಳೂರಿನ ಏಟ್ರಿ ಸಂಸ್ಥೆಗೋ, ನಿಮಗೆ ಹತ್ತಿರದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೋ ಬರೆಯಿರಿ. ಉತ್ತರ ಬೇಗ ಬರದಿದ್ದರೆ ಬೇಸರಿಸಬೇಡಿ. ಹೊಸದೆಂಬ ಅನುಮಾನ ಹುಟ್ಟಿದಲ್ಲಿಂದ ಹೆಸರು ಪ್ರಕಟವಾಗುವ ತನಕ ಹಲವು ಮಳೆಗಾಲ ಕಳೆಯುವುದು ಮಾಮೂಲು, ಮತ್ತು ಬಹುಪಾಲು ಅನುಮಾನಗಳು ಹಳೆಯ ಹೆಸರೊಂದರಲ್ಲಿ ಕೊನೆಗೊಳ್ಳುತ್ತವೆ. ಹಾಗೆ ಕೊನೆಗೊಂಡರೂ ಆ ಪ್ರಭೇದ ನಿಮ್ಮ ಹಳ್ಳದಲ್ಲಿದೆ ಎಂಬ ದಾಖಲೆ ಉಳಿಯುತ್ತದೆ. ಅದು ಇದುವರೆಗೆ ಯಾರ ಬಳಿಯೂ ಇಲ್ಲದ ಮಾಹಿತಿಯಾಗಿರುವ ಸಂಭವ ಹೆಚ್ಚು.

ಪ್ರಶ್ನೆ: ಅಪರೂಪದ ಪ್ರಾಣಿಗಳೆಂದರೆ ಎಲ್ಲರೂ ಮಲೆನಾಡಿನ ಮಾತನ್ನೇ ಆಡುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಕಾಡಿಲ್ಲ. ಇರುವುದು ಹೊಲ, ಕುರುಚಲು ಗುಡ್ಡ, ಕೆರೆ. ಇಲ್ಲಿ ದಾಖಲಿಸುವಂಥದ್ದು ಏನಿದೆ?
— ಚಳ್ಳಕೆರೆ ಕಡೆಯ ಓದುಗರು

ಉತ್ತರ: ಕಾಡಿಲ್ಲದ ಜಾಗದಲ್ಲಿ ನೋಡುವವರು ಕಡಿಮೆ, ಆದ್ದರಿಂದ ನೋಡದೆ ಉಳಿದದ್ದು ಅಲ್ಲೇ ಹೆಚ್ಚು. ಬೆಂಗಳೂರಿನ ಹೊರವಲಯದ ರಾಜಾನುಕುಂಟೆಯ ಬೋಳು ಬಯಲಿನಿಂದ 2020ರಲ್ಲಿ ಬಿಲಗಪ್ಪೆಯೊಂದನ್ನು ಹೊಸ ಪ್ರಭೇದವೆಂದು ವಿವರಿಸಿ, ನಗರದ ಹೆಸರನ್ನೇ ಅದಕ್ಕಿಟ್ಟರು. ಒಂದು ಕೋಟಿಗೂ ಹೆಚ್ಚು ಜನರಿರುವ ನಗರದ ಅಂಚಿನಲ್ಲಿ, ವಿಶ್ವವಿದ್ಯಾಲಯಗಳೂ ಸಂಶೋಧನಾ ಸಂಸ್ಥೆಗಳೂ ತುಂಬಿರುವ ಊರಿನಲ್ಲಿ, ಅಲ್ಲಿಯವರೆಗೆ ಆ ಕಪ್ಪೆಗೆ ಹೆಸರಿರಲಿಲ್ಲ. ಮಣಿಪಾಲದ ಜಂಬಿಟ್ಟಿಗೆಯ ಹಾಸಿನಲ್ಲಿ ಸಿಕ್ಕ ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಪುಟ್ಟ ಕಪ್ಪೆಯದೂ ಇಂಥದ್ದೇ ಸಂಗತಿ. ಸರಕಾರಿ ಕಡತಗಳಲ್ಲಿ ಪಾಳುಭೂಮಿಯೆಂದು ಕರೆಸಿಕೊಳ್ಳುವ ಆ ಹಾಸುಗಳನ್ನು ಸ್ಥಳೀಯ ಆಸಕ್ತರು ನೋಡಿ ದಾಖಲಿಸಲು ತೊಡಗಿದ್ದರಿಂದ ಅದು ಗಮನಕ್ಕೆ ಬಂದು, 2016ರಲ್ಲಿ ಹೆಸರು ಪಡೆಯಿತು. ಅದರ ಕೂಗು ಕೀಟದ ಸದ್ದಿನಂತಿರುವುದರಿಂದ ಕೇಳಿದವರೂ ಕಪ್ಪೆಯೆಂದು ತಿಳಿಯುವಂತಿರಲಿಲ್ಲ. ಎರಡು ವರ್ಷಗಳ ಬಳಿಕ ಮಂಗಳೂರಿನ ಕೈಗಾರಿಕಾ ಪ್ರದೇಶದ ನಡುವೆ ಅದೇ ಕುಲದ ಇನ್ನೊಂದು ಕಪ್ಪೆ ದೊರೆತು, ಕೊಡಿಯಾಲದ (ಮಂಗಳೂರಿನ ಕೊಂಕಣಿ ಹೆಸರು) ಹೆಸರು ಹೊತ್ತಿತು. ಅದರ ಹತ್ತಿರದ ನೆಂಟರು ಆಗ್ನೇಯ ಏಷ್ಯಾದಲ್ಲಿರುವುದು ಒಂದು ಒಗಟು. ಬಂದರಿನ ಮೂಲಕ ಬಂದ ನಾಟಾದೊಡನೆ ಅದು ಬಂದಿರಬಹುದೆಂಬ ಶಂಕೆ ಇದೆ.

ನಿಮ್ಮ ಕಡೆಯ ಬಂಡೆಗುಡ್ಡಗಳನ್ನೇ ತೆಗೆದುಕೊಳ್ಳಿ. ಹಳದಿ ಗಂಟಲಿನ ಪಿಕಳಾರ ದಕ್ಷಿಣ ಭಾರತದ ಕುರುಚಲು ತುಂಬಿದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಂದಿಬೆಟ್ಟದಲ್ಲಿ, ದರೋಜಿಯಲ್ಲಿ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆದರೆ ನಡುವಿನ ನೂರಾರು ಸಣ್ಣ ಗುಡ್ಡಗಳಲ್ಲಿ ಯಾವುದರಲ್ಲಿ ಅದು ಇದೆ, ಕಲ್ಲು ಗಣಿಯಿಂದ ಯಾವುದರಲ್ಲಿ ಇಲ್ಲವಾಯಿತು ಎಂದು ಹೇಳಬಲ್ಲವರು ಆ ಗುಡ್ಡದ ಬುಡದಲ್ಲಿ ವಾಸಿಸುವವರು ಮಾತ್ರ. ತೋಳ, ಕತ್ತೆಕಿರುಬ, ಗುಳ್ಳೆನರಿ, ಕೃಷ್ಣಮೃಗ, ಎರೆಭೂತ ಇವೆಲ್ಲ ಬಯಲಿನ ಪ್ರಾಣಿಗಳೇ. ಕಾವೇರಿ ವನ್ಯಧಾಮದ ಒಣಕಾಡಿನಲ್ಲಿ 2014ರಲ್ಲಿ ಸಂಜಯ್ ಗುಬ್ಬಿ ಮತ್ತು ತಂಡದ ಕ್ಯಾಮೆರಾ ಟ್ರ್ಯಾಪಿನಲ್ಲಿ ತರಕರಡಿ (ಹನಿ ಬ್ಯಾಡ್ಜರ್) ಸೆರೆಯಾದಾಗ, ರಾಜ್ಯದಲ್ಲಿ ಆ ಪ್ರಾಣಿ ಇದೆಯೆಂಬುದಕ್ಕೆ ಮೊದಲ ಚಿತ್ರಸಾಕ್ಷ್ಯ ಸಿಕ್ಕಿತು. ಕುರಿಗಾಹಿಗಳನ್ನು ಕೇಳಿ ನೋಡಿ. ತೋಳ ಯಾವ ತಿಂಗಳು ಯಾವ ಹಳ್ಳದ ಮಗ್ಗುಲಲ್ಲಿ ಮರಿ ಹಾಕುತ್ತದೆ ಎಂಬುದನ್ನು ಅವರಷ್ಟು ಖಚಿತವಾಗಿ ಹೇಳುವವರು ಸಿಗುವುದಿಲ್ಲ. ಅವರು ಹೇಳಿದ್ದನ್ನು ಬರೆದುಕೊಳ್ಳುವಾಗ ಒಂದು ಎಚ್ಚರಿಕೆಯಿರಲಿ: ಮರಿಯಿರುವ ಗುಹೆಯ ಗುರುತು ನಿಮ್ಮ ಪುಸ್ತಕದಿಂದ ಹೊರಗೆ ಹೋಗಬಾರದು.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಮಕ್ಕಳಿಂದ ಶಾಲೆಯ ಸುತ್ತಲಿನ ಹಕ್ಕಿಗಳ ಪಟ್ಟಿ ಬರೆಸಬೇಕೆಂದಿದ್ದೇನೆ. ಅವರು ಕಾಗೆ, ಮೈನಾ, ಪಾರಿವಾಳ ಬಿಟ್ಟು ವಿಶೇಷವಾದದ್ದನ್ನು ಮಾತ್ರ ಬರೆಯಲು ಉತ್ಸಾಹ ತೋರುತ್ತಾರೆ. ಯಾವ ಕ್ರಮ ಅನುಸರಿಸಲಿ?
— ತಿಪಟೂರಿನಿಂದ

ಉತ್ತರ: ಕಾಗೆಯನ್ನು ಮೊದಲು ಬರೆಸಿ. ವಿಶೇಷವಾದದ್ದನ್ನು ಮಾತ್ರ ಬರೆದ ಪಟ್ಟಿಯಿಂದ ಅಂದು ಏನು ಕಂಡಿತೆಂಬುದು ಗೊತ್ತಾಗುತ್ತದೆಯೇ ಹೊರತು ಏನು ಕಾಣಲಿಲ್ಲವೆಂಬುದು ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿ ಗುಬ್ಬಚ್ಚಿ ಇಲ್ಲದಿದ್ದರೆ, ಅದು ಇರಲೇ ಇಲ್ಲವೋ ಅಥವಾ ಇದ್ದರೂ ಮಕ್ಕಳು ಬರೆಯಲಿಲ್ಲವೋ ಹೇಳುವುದು ಹೇಗೆ? ನೋಡಿದ, ಕೇಳಿ ಗುರುತಿಸಿದ ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ಮಾತ್ರ ಗೈರುಹಾಜರಿಗೆ ಅರ್ಥ ಬರುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ ಇಬರ್ಡ್ ಎಂಬ ಜಾಲ ಸಂಗ್ರಹವು ಪ್ರತಿ ಪಟ್ಟಿ ಸಲ್ಲಿಸುವಾಗಲೂ "ಗುರುತಿಸಿದ್ದನ್ನೆಲ್ಲ ಬರೆದಿದ್ದೀರಾ?" ಎಂಬ ಪ್ರಶ್ನೆ ಕೇಳುವುದು ಇದಕ್ಕಾಗಿಯೇ.

ಇದರ ಫಲವೇನೆಂದು ಮಕ್ಕಳಿಗೆ ತೋರಿಸಲು ನಮ್ಮ ರಾಜ್ಯಪಕ್ಷಿಗಿಂತ ಬೇರೆ ಉದಾಹರಣೆ ಬೇಡ. ನೀಲಕಂಠ ಹೊಲದಂಚಿನ ತಂತಿಯ ಮೇಲೆ ಕೂರುವ ಹಕ್ಕಿ. ಅದು ಅಪರೂಪವೆಂದು ಯಾರೂ ಎಣಿಸಿರಲಿಲ್ಲ, ಆದ್ದರಿಂದ ಅದರ ಮೇಲೆ ಯಾರೂ ವಿಶೇಷವಾಗಿ ಕಣ್ಣಿಟ್ಟೂ ಇರಲಿಲ್ಲ. ಸುಮಾರು 30,000 ಪಕ್ಷಿವೀಕ್ಷಕರು ಕೊಟ್ಟ 3 ಕೋಟಿಗೂ ಹೆಚ್ಚು ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳ ಸ್ಥಿತಿಯನ್ನು ಪರಿಶೀಲಿಸಿದ 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯಲ್ಲಿ, ನೀಲಕಂಠದ ಸಂಖ್ಯೆ ಕುಸಿಯುತ್ತಿದೆ, ಅಳಿವಿನ ಅಪಾಯದ ಜಾಗತಿಕ ಪಟ್ಟಿಯಲ್ಲಿ ಅದರ ಸ್ಥಾನವನ್ನು ಮರುಪರಿಶೀಲಿಸಬೇಕು ಎಂದು ತಜ್ಞರು ಹೇಳಿದರು. ಆ ಕುಸಿತ ಕಂಡದ್ದು ಅಪರೂಪದ ಹಕ್ಕಿಯ ಬೆನ್ನು ಹತ್ತಿದವರ ಚಿತ್ರಗಳಿಂದಲ್ಲ. ಮನೆಯ ಹಿತ್ತಿಲು, ಕೆರೆ ಏರಿ, ಕಾಲೇಜಿನ ಆವರಣಗಳಲ್ಲಿ ನಿಂತು ಕಾಗೆಯಿಂದ ಹಿಡಿದು ಎಲ್ಲವನ್ನೂ ಬರೆದವರ ಪಟ್ಟಿಗಳಿಂದ.

ಕ್ರಮ ಹೀಗಿರಲಿ. ಒಂದೇ ಜಾಗ, ಒಂದೇ ಹೊತ್ತು, 15 ನಿಮಿಷ. ವಾರಕ್ಕೊಮ್ಮೆ ಸಾಕು, ಆದರೆ ತಪ್ಪಬಾರದು. ದಿನಾಂಕ, ಆರಂಭದ ಸಮಯ, ಎಷ್ಟು ಹೊತ್ತು, ಎಷ್ಟು ಜನ ನೋಡಿದರು, ಮೋಡವೋ ಬಿಸಿಲೋ, ಪ್ರತಿ ಹಕ್ಕಿಯ ಅಂದಾಜು ಸಂಖ್ಯೆ. ಗುರುತು ಸಿಗದಿದ್ದರೆ "ಗೊತ್ತಾಗದ ಗಿಡುಗ" ಎಂದೇ ಬರೆಸಿ. ಊಹಿಸಿ ಹೆಸರು ಬರೆಯುವ ಅಭ್ಯಾಸ ಒಮ್ಮೆ ಬಂದರೆ ಬಿಡಿಸುವುದು ಕಷ್ಟ. ಪ್ರತಿ ಫೆಬ್ರವರಿಯಲ್ಲಿ ಶಾಲಾ ಕಾಲೇಜುಗಳ ಆವರಣದ ಹಕ್ಕಿ ಎಣಿಕೆ ನಡೆಯುತ್ತದೆ. ನಿಮ್ಮ ಶಾಲೆಯೂ ಸೇರಬಹುದು. ಹಳೆಯ ಪಟ್ಟಿಗಳ ಬೆಲೆ ಮಕ್ಕಳಿಗೆ ತಿಳಿಯಬೇಕಾದರೆ ಸಲೀಂ ಅಲಿಯವರು ಮೈಸೂರು ಸಂಸ್ಥಾನದಲ್ಲಿ ನಡೆಸಿ, 1942–43ರಲ್ಲಿ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪಕ್ಷಿ ಸಮೀಕ್ಷೆಯ ವಿಷಯ ಹೇಳಿ. ತುಮಕೂರು, ಶಿವಮೊಗ್ಗ, ಹಾಸನ ಸೀಮೆಗಳಲ್ಲಿ ಆಗ ಯಾವ ಹಕ್ಕಿ ಇತ್ತು ಎಂದು ಇಂದು ಕೇಳುವವರು ತೆರೆಯುವುದು ಅದನ್ನೇ.

ಪ್ರಶ್ನೆ: ಮೊಬೈಲಿನಲ್ಲಿ ಚಿತ್ರ ಹಾಕಿದರೆ ಪ್ರಾಣಿಯ ಹೆಸರನ್ನು ತಾನೇ ಹೇಳುವ ಆ್ಯಪ್‌ಗಳಿವೆ. ಅವುಗಳನ್ನು ನಂಬಬಹುದೇ?
— ಧಾರವಾಡದ ವಿದ್ಯಾರ್ಥಿ

ಉತ್ತರ: ಮೊದಲ ಸೂಚನೆಯೆಂದು ತೆಗೆದುಕೊಳ್ಳಬಹುದು, ತೀರ್ಪೆಂದು ಅಲ್ಲ. ಅವು ಹಿಂದೆ ನೋಡಿದ ಚಿತ್ರಗಳಿಂದ ಕಲಿತಿರುತ್ತವೆ. ಹೆಚ್ಚು ಚಿತ್ರಗಳಿರುವ ಚಿಟ್ಟೆ, ಹಕ್ಕಿಗಳಲ್ಲಿ ಚೆನ್ನಾಗಿ ಗುರುತಿಸುತ್ತವೆ. ಚಿತ್ರಗಳೇ ಇಲ್ಲದ ಅಪರೂಪದ ಪ್ರಭೇದವನ್ನು ತಾವು ಬಲ್ಲ ಸಾಮಾನ್ಯ ಪ್ರಭೇದದ ಹೆಸರಿನಿಂದ ಕರೆದುಬಿಡುತ್ತವೆ. ಹಾಗಾಗಿ ಅಪರೂಪದ್ದನ್ನು ಹುಡುಕುವವರಿಗೆ ಆ್ಯಪ್ ಕೈಕೊಡುವುದು ಬೇಕಾದ ಜಾಗದಲ್ಲೇ. ಕಂಡ ಜೀವಿಯ ಚಿತ್ರವನ್ನು ಯಾರು ಬೇಕಾದರೂ ಹಾಕಬಹುದಾದ ಜಾಲತಾಣವಾದ ಐನ್ಯಾಚುರಲಿಸ್ಟ್‌ನಲ್ಲಿ ಯಂತ್ರದ ಸೂಚನೆಯ ಮೇಲೆ ಮನುಷ್ಯರ ಪರಿಶೀಲನೆ ಇದೆ; ಹೆಸರು ಸೂಚಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಮ್ಮತಕ್ಕೆ ಬಂದರೆ ಮಾತ್ರ ದಾಖಲೆ ಸಂಶೋಧನೆಗೆ ಯೋಗ್ಯವೆಂಬ ದರ್ಜೆಗೆ ಏರುತ್ತದೆ. 2008ರಿಂದ ಇರುವ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಕೂಡ ನಮ್ಮ ದೇಶದ ಗಿಡ, ಪ್ರಾಣಿಗಳಿಗೆ ಒಳ್ಳೆಯ ತಾಣ.

ತಪ್ಪು ದಾಖಲೆಯನ್ನು ಸುಮ್ಮನೆ ಬಿಡಬಹುದಲ್ಲವೇ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಬಿಡಬಾರದು. ಮಧ್ಯ ಭಾರತದ ಅರಣ್ಯ ಗೂಬೆಯ ನಿಜವಾದ ಮಾದರಿ ಕೊನೆಯದಾಗಿ ಸಿಕ್ಕಿದ್ದು 1884ರಲ್ಲಿ. ಆದರೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಸಂಗ್ರಹಾಲಯದಿಂದ ಹಳೆಯ ಮಾದರಿಯೊಂದನ್ನು ಕದ್ದು, ಅದಕ್ಕೆ 1914, ಗುಜರಾತ್ ಎಂಬ ಸುಳ್ಳು ಚೀಟಿ ಅಂಟಿಸಿದ್ದ. ಆ ಚೀಟಿಯನ್ನು ನಂಬಿದ ಜನರು ಗೂಬೆಯೇ ಇಲ್ಲದ ಕಡೆ ಹುಡುಕಿದರು. ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಮಾದರಿಗಳನ್ನು ಪರೀಕ್ಷಿಸಿ ವಂಚನೆಯನ್ನು ಕಂಡುಹಿಡಿದು, ನಂಬಲರ್ಹವಾದ ಹಳೆಯ ದಾಖಲೆಗಳ ಜಾಡು ಹಿಡಿದು ಸಂಗಡಿಗರೊಡನೆ ಬಂದಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಗೂಬೆ ಕಣ್ಣಿಗೆ ಬಿತ್ತು. ನೀವು ಮಾಡುವುದು ವಂಚನೆಯಲ್ಲ ನಿಜ. ಆದರೆ ಮುಂದೆ ಓದುವವನಿಗೆ ಸುಳ್ಳು ಚೀಟಿಯೂ ಅಜಾಗರೂಕತೆಯ ಚೀಟಿಯೂ ಮಾಡುವ ಹಾನಿ ಒಂದೇ.

ಪ್ರಶ್ನೆ: ನಮ್ಮ ಗುಡ್ಡದಲ್ಲಿ ಚಿಪ್ಪುಹಂದಿ ಕಂಡು ವಿಡಿಯೊ ಮಾಡಿದ್ದೇನೆ. ಊರಿನ ಹೆಸರು ಹಾಕಿ ಎಲ್ಲರಿಗೂ ಹಂಚಿದರೆ ಜಾಗೃತಿ ಮೂಡುವುದಿಲ್ಲವೇ?
— ಹೆಸರು ಬೇಡವೆಂದವರು

ಉತ್ತರ: ದಯವಿಟ್ಟು ಹಂಚಬೇಡಿ. ಚಿಪ್ಪುಹಂದಿ, ನಕ್ಷತ್ರ ಆಮೆ, ಎರಡು ತಲೆ ಹಾವೆಂದು ಜನ ಮರುಳಾಗುವ ಮಣ್ಣುಮುಕ್ಕ, ಕಾಡುಪಾಪ ಇವೆಲ್ಲ ಕಳ್ಳಸಾಗಣೆಗೆ ಗುರಿಯಾದ ಪ್ರಾಣಿಗಳು. ಊರಿನ ಹೆಸರು, ಗುಡ್ಡದ ಹಿನ್ನೆಲೆ, ಚಿತ್ರದ ಕಡತದೊಳಗೆ ಸೇರಿರುವ ಜಿಪಿಎಸ್ ಗುರುತು, ಇಷ್ಟರಲ್ಲಿ ಯಾವುದಾದರೊಂದು ಸಾಕು. ಹೊಸ ಪ್ರಭೇದಗಳಿಗೂ ಈ ಅಪಾಯ ತಪ್ಪಿದ್ದಲ್ಲ. ಚೀನಾದಲ್ಲಿ ಗೋನಿಯೂರೋಸಾರಸ್ ಲೂಯಿ ಎಂಬ ಹಲ್ಲಿಯನ್ನು 1999ರಲ್ಲಿ ವಿವರಿಸಿ, ಸಿಕ್ಕ ಜಾಗವನ್ನು ಪ್ರಕಟಿಸಿದ ಮೇಲೆ ಸಾಕುಪ್ರಾಣಿ ವ್ಯಾಪಾರಿಗಳು ಮುಗಿಬಿದ್ದು ಆ ಜಾಗದಲ್ಲಿ ಅದು ಇಲ್ಲವಾಗುವಂತೆ ಮಾಡಿದರು. ಅಂದಿನಿಂದ ಹಲವು ಸಂಶೋಧಕರು ನಿಖರ ಸ್ಥಳವನ್ನು ಪ್ರಬಂಧದಲ್ಲಿ ಬರೆಯುವುದನ್ನು ಬಿಟ್ಟಿದ್ದಾರೆ.

ದಾಖಲೆ ಬೇಡವೆಂದಲ್ಲ. ದಿನಾಂಕ ಸ್ಥಳಗಳನ್ನು ನಿಮ್ಮ ಪುಸ್ತಕದಲ್ಲಿ ಪೂರ್ಣವಾಗಿ ಬರೆಯಿರಿ, ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ತಾನಾಗಿಯೇ 20 ಕಿಲೋಮೀಟರಿಗೂ ಹೆಚ್ಚು ಅಗಲದ ಚೌಕದೊಳಗೆ ಎಲ್ಲೋ ಒಂದೆಡೆ ತೋರಿಸಿ ಮರೆಮಾಡುತ್ತದೆ. ಇಬರ್ಡ್ ಸೂಕ್ಷ್ಮ ಪ್ರಭೇದಗಳ ಸ್ಥಳವನ್ನು ಸಾರ್ವಜನಿಕರಿಗೆ ಕೊಡುವುದಿಲ್ಲ. ಅಪಾಯದ ಪಟ್ಟಿಯಲ್ಲಿಲ್ಲದ ಪ್ರಾಣಿಗೂ ಐನ್ಯಾಚುರಲಿಸ್ಟಿನಲ್ಲಿ ನೀವೇ ಜಾಗ ಮರೆಮಾಡುವ ಆಯ್ಕೆ ಇದೆ. ಜಾಗೃತಿಯ ವಿಡಿಯೊ ನಾಲ್ಕು ತಿಂಗಳು ಬಿಟ್ಟು, ಊರಿನ ಹೆಸರಿಲ್ಲದೆ ಬಂದರೂ ಜಾಗೃತಿಯೇ.

ಪ್ರಶ್ನೆ: ಹಾವು, ಕಪ್ಪೆ, ಚಿಟ್ಟೆಗಳನ್ನು ಹಿಡಿದು ಮನೆಯಲ್ಲಿ ಸ್ಪಿರಿಟ್ಟಿನಲ್ಲಿ ಸಂಗ್ರಹಿಸಬಹುದೇ?
— ಕಾಲೇಜು ವಿದ್ಯಾರ್ಥಿ, ಹಾವೇರಿ

ಉತ್ತರ: ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದೂ ಮೊಟ್ಟೆ ತೆಗೆಯುವುದೂ ಬೇಟೆಯೇ. ಮಾದರಿ ಸಂಗ್ರಹಿಸುವ ವಿಜ್ಞಾನಿಗಳೂ ಅರಣ್ಯ ಇಲಾಖೆಯಿಂದ ಮೊದಲು ಅನುಮತಿ ಪಡೆಯುತ್ತಾರೆ. ರಸ್ತೆಯಲ್ಲಿ ಸತ್ತುಬಿದ್ದ ಪ್ರಾಣಿಯ ಚಿತ್ರವನ್ನು ಅಳತೆಗೋಲಿನೊಡನೆ ತೆಗೆದು, ದಿನಾಂಕ ಸ್ಥಳ ಬರೆದಿಡುವುದಕ್ಕೆ ಅಡ್ಡಿಯಿಲ್ಲ, ಅದು ಉಪಯುಕ್ತವೂ ಹೌದು.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆ, ದಾಖಲಾತಿ ಪುಸ್ತಕವೂ ಇದೆ. ಆದರೆ ಪಕ್ಕದ ಪಂಚಾಯಿತಿಯ ಪುಸ್ತಕವನ್ನೂ ನಮ್ಮದನ್ನೂ ಅಕ್ಕಪಕ್ಕ ಇಟ್ಟರೆ ಎರಡರಲ್ಲೂ ಒಂದೇ ಪಟ್ಟಿ. ಇದನ್ನು ಸರಿಪಡಿಸುವುದು ಹೇಗೆ?
— ಸಾಗರ ತಾಲ್ಲೂಕು

ಉತ್ತರ: ಈ ತಿಂಗಳ ಪತ್ರಗಳಲ್ಲಿ ನಮಗೆ ಅತ್ಯಂತ ಮಹತ್ವದ್ದೆನಿಸಿದ್ದು ನಿಮ್ಮದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು. ಊರಿನವರನ್ನೇ ಕೇಳಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಕಾಯ್ದೆಯ ಆಶಯ ಚೆನ್ನಾಗಿಯೇ ಇದೆ. ನಕಲು ಪಟ್ಟಿ ಹುಟ್ಟುವುದು ಗಡುವಿನೊಳಗೆ ಪುಸ್ತಕ ತುಂಬಿಸುವ ಅವಸರದಿಂದ.

ಹಳೆಯ ಪುಸ್ತಕವನ್ನು ಹರಿದು ಹಾಕಬೇಕಿಲ್ಲ. ಅದರಲ್ಲಿರುವ ಪ್ರತಿ ಹೆಸರಿನ ಎದುರು ಮೂರು ಖಾನೆ ಎಳೆಯಿರಿ: ಯಾರು ಕಂಡದ್ದು, ಯಾವ ಜಾಗದಲ್ಲಿ, ಯಾವ ವರ್ಷ ತಿಂಗಳು. ಖಾನೆ ತುಂಬದ ಹೆಸರುಗಳನ್ನು ಸದ್ಯಕ್ಕೆ ಬದಿಗಿಡಿ. ಆಮೇಲೆ ವಿಷಯ ಬಲ್ಲವರ ಬಳಿಗೆ ಹೋಗಿ. ಜೇನು ಕೀಳುವವರು, ಮೀನು ಹಿಡಿಯುವವರು, ಸೊಪ್ಪಿನ ಬೆಟ್ಟಕ್ಕೆ ದಿನವೂ ಹೋಗುವ ಹೆಂಗಸರು, ನಾಟಿ ವೈದ್ಯರು, ದನಗಾಹಿಗಳು, ಇವರಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯ ಜೀವಿಯನ್ನು ಬಲ್ಲರು; ಎಲ್ಲರನ್ನೂ ಒಂದು ದಿನ ಪಂಚಾಯಿತಿ ಕಚೇರಿಗೆ ಕರೆಸಿ ಕೂರಿಸಿದರೆ ಮಾತಾಡುವವರು ಇಬ್ಬರೇ. ಅವರವರ ಕೆಲಸದ ಜಾಗದಲ್ಲೇ ಕೇಳಬೇಕು. ಊರ ಹೆಸರನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ, ಶಾಸ್ತ್ರೀಯ ಹೆಸರನ್ನು ಆಮೇಲೆ ತಜ್ಞರಿಂದ ಸೇರಿಸಿಕೊಳ್ಳಬಹುದು. ಆಂಧ್ರದ ಕಡಪ ಜಿಲ್ಲೆಯಲ್ಲಿ 1900ರಿಂದ ಕಾಣದೆ ಹೋಗಿ, ಅಳಿದೇಹೋಯಿತೆಂದು ಎಣಿಸಿದ್ದ ಜೆರ್ಡಾನ್ಸ್ ಕೋರ್ಸರ್ ಹಕ್ಕಿ 1986ರ ಜನವರಿಯಲ್ಲಿ ಮತ್ತೆ ಸಿಕ್ಕಿದ್ದು ಹೀಗೆಯೇ. ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಶೋಧಕ ಭರತ್ ಭೂಷಣ್ ಚಿತ್ರ ತೋರಿಸುತ್ತ ಊರೂರು ಕೇಳಿದರು; ಐತಣ್ಣ ಎಂಬ ಸ್ಥಳೀಯರು ರಾತ್ರಿ ದೀಪದ ಬೆಳಕಿನಲ್ಲಿ ಆ ಹಕ್ಕಿಯನ್ನು ಹಿಡಿದು ತಂದರು.

ನಿಮ್ಮ ತಾಲ್ಲೂಕಿನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಕಾನುಗಳನ್ನು, ಅವುಗಳ ನಡುವಿನ ಜೌಗನ್ನು, ಅಬ್ಬಿಗಳ ಬಂಡೆಯನ್ನು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ದೊಡ್ಡ ಮರವನ್ನು ವಿಜ್ಞಾನ ಗುರುತಿಸಿದ್ದು 2000ದಲ್ಲಿ. ಉತ್ತರ ಕನ್ನಡದ ಜೌಗುಕಾಡುಗಳಲ್ಲಿ ಬೆರಳೆಣಿಕೆಯ ಮರಗಳಷ್ಟೇ ಇವೆ. ಇಷ್ಟು ದೊಡ್ಡ ಮರವೇ ಅಷ್ಟು ಕಾಲ ಹೆಸರಿಲ್ಲದೆ ನಿಂತಿರಬಹುದಾದರೆ ಚಿಕ್ಕವುಗಳ ಗತಿಯನ್ನು ಯೋಚಿಸಿ. ಜಲಪಾತದ ನೀರು ಸಿಡಿಯುವ ಬಂಡೆಗೆ ಅಂಟಿಕೊಂಡಿರುವ ಬಸವನಹುಳುಗಳನ್ನು ಯಾರಾದರೂ ದಾಖಲಾತಿಯಲ್ಲಿ ಸೇರಿಸಿದ್ದಾರೆಯೇ? ಅವು ಕಡಲ ಬಸವನಹುಳುಗಳ ಕುಟುಂಬಕ್ಕೆ ಸೇರಿದವು. ಆ ಕುಟುಂಬದಲ್ಲಿ ಸಿಹಿನೀರಿಗೆ ಬಂದು ನೆಲೆಸಿದವು ಪಶ್ಚಿಮ ಘಟ್ಟದ ಕ್ರೆಮ್ನೊಕಾಂಕಸ್ ಕುಲದವು. ಆಗುಂಬೆಯ ಮತ್ತು ಹನುಮನಗುಂಡಿಯ ಹೆಸರು ಹೊತ್ತ ಎರಡು ಪ್ರಭೇದಗಳೂ ಸೇರಿದಂತೆ ಕರ್ನಾಟಕದ ಹಲವು ಹುಳುಗಳು ಹೆಸರು ಪಡೆದದ್ದು 2013ರಲ್ಲಷ್ಟೇ. ಹಳ್ಳದ ನೀರನ್ನು ಮೇಲಿನಿಂದ ತಿರುಗಿಸಿದರೆ ಸಿಂಪಡಿಕೆ ನಿಂತು ಬಂಡೆ ಒಣಗುತ್ತದೆ. ಆಗ ಅವುಗಳ ಪರವಾಗಿ ಹೇಳಲು ನಿಮ್ಮ ಪುಸ್ತಕದ ಪುಟ ಬೇಕು.

ಅಂಥ ಪುಟಗಳಿಂದ ಕೆಲಸವಾದದ್ದುಂಟು. ಶಿರಸಿ–ಹೊನ್ನಾವರದ ಕಾಡುಗಳಲ್ಲಿ ಸಿಂಗಳೀಕದ ದೊಡ್ಡ ಗುಂಪುಗಳಿರುವುದನ್ನು ಸಂಶೋಧಕರು ಸಮೀಕ್ಷೆಯಿಂದ ತೋರಿಸಿಕೊಟ್ಟ ಮೇಲೆ, 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು.

ಪ್ರಶ್ನೆ: ಕಾರ್ಕಳದ ಕಡೆ ಕಪ್ಪೆಯ ಮೈಮೇಲೆ ಅಣಬೆ ಬೆಳೆದಿತ್ತು ಎಂದು ಸ್ನೇಹಿತರು ಹೇಳುತ್ತಾರೆ. ಇದು ಕಟ್ಟುಕಥೆಯಲ್ಲವೇ?
— ಉಡುಪಿಯ ಓದುಗರು

ಉತ್ತರ: ಕಟ್ಟುಕಥೆಯಲ್ಲ. 2023ರ ಜೂನ್ ತಿಂಗಳಲ್ಲಿ ಕುದುರೆಮುಖ ಬೆಟ್ಟಗಳ ಬುಡದ ಮಾಳದಲ್ಲಿ, ರಸ್ತೆ ಬದಿಯ ಸಣ್ಣ ಹೊಂಡವೊಂದರಲ್ಲಿ ಹತ್ತಾರು ಕಪ್ಪೆಗಳ ನಡುವೆ ಒಂದರ ಪಕ್ಕೆಯಿಂದ ಪುಟ್ಟ ಅಣಬೆ ಹೊರಟಿರುವುದನ್ನು ಕಪ್ಪೆ ನೋಡಲು ಹೋದವರು ಕಂಡು ಚಿತ್ರ ತೆಗೆದರು. ಚಿತ್ರಗಳನ್ನು ನೋಡಿದ ಶಿಲೀಂಧ್ರ ತಜ್ಞರು ಅದು ಮೈಸೀನಾ ಕುಲದ ಅಣಬೆಯಿರಬೇಕೆಂದರು. ಈ ಕುಲದವು ಸಾಮಾನ್ಯವಾಗಿ ಕೊಳೆತ ಮರದ ಮೇಲೆ ಬೆಳೆಯುವಂಥವು. 2024ರ ಆರಂಭದಲ್ಲಿ ಇದು ಸಂಶೋಧನಾ ಪತ್ರಿಕೆಯಲ್ಲಿ ಟಿಪ್ಪಣಿಯಾಗಿ ಪ್ರಕಟವಾಯಿತು. ಜೀವಂತ ಕಪ್ಪೆಯ ಮೇಲೆ ಅಣಬೆ ಬೆಳೆದ ದಾಖಲೆ ಅದಕ್ಕೆ ಮೊದಲು ಇರಲಿಲ್ಲ. ಆ ಕಪ್ಪೆ ಈ ಮೊದಲು ಹೇಳಿದ ನಾರಾಯಣ ರಾವ್ ಅವರೇ 1937ರಲ್ಲಿ ಹೆಸರಿಟ್ಟ ಪ್ರಭೇದವಾಗಿತ್ತು. ಅಂದರೆ ಹಳೆಯ, ಗೊತ್ತಿರುವ, ರಸ್ತೆ ಬದಿಯಲ್ಲಿ ಸಿಗುವ ಕಪ್ಪೆ.

ಕಪ್ಪೆಯನ್ನು ಹಿಡಿದು ತರದೆ ಚಿತ್ರ ಮಾತ್ರ ತೆಗೆದಿದ್ದರಿಂದ, ಅಣಬೆಯ ಎಳೆಗಳು ಚರ್ಮದೊಳಗೆ ಎಷ್ಟು ಇಳಿದಿದ್ದವು ಎಂಬುದಕ್ಕೆ ಉತ್ತರವಿಲ್ಲ. ಅವರು ಮಾಡಿದ್ದು ಸರಿಯೇ, ಅನುಮತಿಯಿಲ್ಲದೆ ಹಿಡಿಯುವಂತಿರಲಿಲ್ಲ. ನಿಮಗೆ ಇಂಥದ್ದು ಎದುರಾದರೆ ಅಣಬೆಯ ಟೊಪ್ಪಿಯ ಕೆಳಗಿನ ಪದರ, ಕಾಂಡ ಚರ್ಮವನ್ನು ಸೇರುವ ಜಾಗ, ಕಪ್ಪೆಯ ಎರಡೂ ಪಕ್ಕ ಕಾಣುವಂತೆ ಹತ್ತಿರದ ಚಿತ್ರಗಳನ್ನು ತೆಗೆಯಿರಿ. ಅದು ಜಿಗಿಯುತ್ತಿದೆಯೇ, ಮಂಕಾಗಿದೆಯೇ ಎಂದು ಸ್ವಲ್ಪ ಹೊತ್ತು ನೋಡಿ ಬರೆಯಿರಿ. ಅದೇ ಹೊಂಡದ ಉಳಿದ ಕಪ್ಪೆಗಳ ಮೈಯನ್ನೂ ಗಮನಿಸಿ. ಕಪ್ಪೆಗಳಿಗೆ ಹರಡುವ ಶಿಲೀಂಧ್ರ ರೋಗಗಳಿರುವುದರಿಂದ ಒಂದು ಹೊಂಡದ ಕೆಸರು ಮೆತ್ತಿದ ಬೂಟಿನಲ್ಲಿ ಇನ್ನೊಂದು ಹೊಂಡಕ್ಕೆ ಇಳಿಯಬೇಡಿ. ಉಜ್ಜಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿದ ಮೇಲೆ ಹಾಕಿಕೊಳ್ಳಿ.